ಹಡಗು ಮುಳುಗುವುದೇಕೆ? ಒಬ್ಬ ಹಳೆಯ ನಾವಿಕನ ವಿಚಾರಗಳು



ಸಮುದ್ರಕ್ಕೆ ದೂರವಾದ ಒಳನಾಡಿನಲ್ಲಿ ಮನೆಮಾಡಿಕೊಂಡಿರುವ ನಮ್ಮಂಥವರಿಗೆ ಹಡಗೆಂಬುದು ಬಹುಮಟ್ಟಿಗೆ ಪತ್ರಿಕೆಯಲ್ಲಿ ಓದುವ ವಸ್ತು. ಮಂಗಳೂರು, ಹೊನ್ನಾವರ, ಕಾರವಾರಗಳ ಬಂಧುಗಳಿಗೆ ಕಡಲು ಅಂಗಳದ ಮಾತು. ಮೈಸೂರು ಬೆಂಗಳೂರುಗಳ ನಮಗೆ ಅದು ರಜೆಯ ದಿನಗಳಲ್ಲಿ ಒಮ್ಮೆ ನೋಡಿ ಬರುವ ನೋಟ. ಎಲ್ಲಿಯೋ ಒಂದು ದೊಡ್ಡ ಹಡಗು ಮುಳುಗಿತೆಂಬ ಸುದ್ದಿ ಬಂದಾಗ ನಾವು ಒಂದು ಗಳಿಗೆ ಮರುಗುತ್ತೇವೆ, ವಿಧಿಯೆನ್ನುತ್ತೇವೆ, ಇಲ್ಲವೆ ಸಮುದ್ರರಾಜನ ಕೋಪವೆನ್ನುತ್ತೇವೆ, ಪುಟವನ್ನು ತಿರುವುತ್ತೇವೆ. ಈ ಎರಡು ಉತ್ತರಗಳನ್ನೂ ಒಪ್ಪದೆ ಹೋದ ಒಬ್ಬ ಹಳೆಯ ನಾವಿಕನ ವಿಚಾರಗಳನ್ನು ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇನೆ. ಹಡಗು ಮುಳುಗಿದಾಗ ಸಮುದ್ರವನ್ನು ನಿಂದಿಸುವುದಕ್ಕೆ ಮೊದಲು ಅದನ್ನು ಕಟ್ಟಿದವರನ್ನೂ, ಸರಕು ತುಂಬಿದವರನ್ನೂ, ನಡೆಸಿದವರನ್ನೂ, ಅದಕ್ಕೆ ಅಪ್ಪಣೆಚೀಟಿ ಕೊಟ್ಟವರನ್ನೂ ಪ್ರಶ್ನೆ ಕೇಳಬೇಕೆಂಬುದು ಆತನ ವಾದದ ತಿರುಳು.

ಆತನ ಹೆಸರು ಜೋಸೆಫ್ ಕಾನ್ರಾಡ್. ಇಂಗ್ಲಿಷ್ ಸಾಹಿತ್ಯವನ್ನು ಬಲ್ಲವರಿಗೆ ಈ ಹೆಸರು ಕಾದಂಬರಿಕಾರನದಾಗಿ ಪರಿಚಿತವಾದುದು. ಆದರೆ ಲೇಖನಿಯನ್ನು ಹಿಡಿಯುವುದಕ್ಕೆ ಮುಂಚೆ ಆತನು ಇಪ್ಪತ್ತು ವರ್ಷಗಳ ಕಾಲ ಹಡಗಿನ ಹಗ್ಗವನ್ನು ಹಿಡಿದವನು. ೧೮೫೭ರ ಡಿಸೆಂಬರ್ ೩ರಂದು, ಆಗ ರಷ್ಯದ ಚಕ್ರವರ್ತಿಗಳ ಆಳಿಕೆಗೆ ಒಳಪಟ್ಟಿದ್ದ ಬೆರ್ದಿಚೆವ್ ಎಂಬ ಊರಿನ ಬಳಿ, ಒಂದು ಪೋಲಿಷ್ ಮನೆತನದಲ್ಲಿ ಆತನ ಜನನವಾಯಿತು. ದೇಶದ ಬಿಡುಗಡೆಗಾಗಿ ದುಡಿದ ತಂದೆಯು ೧೮೬೨ರಲ್ಲಿ ಗಡೀಪಾರಾದಾಗ ಹೆಂಡತಿಯೂ ಮಗುವೂ ಆ ಶೀತಪ್ರದೇಶಕ್ಕೆ ಆತನ ಜೊತೆಯಲ್ಲಿಯೇ ಹೋದರು. ೧೮೬೫ರಲ್ಲಿ ತಾಯಿ ತೀರಿಕೊಂಡಳು; ೧೮೬೯ರಲ್ಲಿ ತಂದೆಯೂ ತೀರಿಕೊಂಡನು. ಹನ್ನೊಂದು ವರ್ಷದ ತಬ್ಬಲಿಯನ್ನು ಸೋದರಮಾವನು ಸಾಕಿದನು. ೧೮೭೪ರಲ್ಲಿ, ಹದಿನೇಳು ತುಂಬುವುದಕ್ಕೆ ಮುಂಚೆಯೇ, ಹುಡುಗನು ಫ್ರಾನ್ಸ್ ದೇಶದ ಮಾರ್ಸೇಲ್ಸ್ ಬಂದರಿಗೆ ಹೋಗಿ ನಾವಿಕವೃತ್ತಿಯನ್ನು ಹಿಡಿದನು. ೧೮೭೮ರಲ್ಲಿ ಇಂಗ್ಲಿಷ್ ಹಡಗನ್ನು ಸೇರಿದನು. ಆಗ ಆತನಿಗೆ ಇಂಗ್ಲಿಷ್ ಮಾತು ಸರಿಯಾಗಿ ಬರುತ್ತಿರಲಿಲ್ಲ. ಆದರೂ ಒಂದೊಂದೇ ಪರೀಕ್ಷೆಯನ್ನು ಮುಗಿಸಿ ೧೮೮೦ರಲ್ಲಿ ಎರಡನೆಯ ಮೇಟ್, ೧೮೮೪ರಲ್ಲಿ ಮೊದಲನೆಯ ಮೇಟ್, ೧೮೮೬ರಲ್ಲಿ ಕಪ್ತಾನ, ಹೀಗೆ ಮೂರು ಅರ್ಹತಾಪತ್ರಗಳನ್ನೂ ಸಂಪಾದಿಸಿದನು. ೧೮೮೮ರಲ್ಲಿ ಬ್ಯಾಂಕಾಕಿನಲ್ಲಿ 'ಒಟಾಗೊ' ಎಂಬ ಹಾಯಿಹಡಗಿನ ಆಡಳಿತವು ಆತನ ಕೈಗೆ ಬಂದಿತು. ೧೮೯೪ರಲ್ಲಿ ನಾವಿಕವೃತ್ತಿಯು ಮುಗಿಯಿತು. ಮರುವರ್ಷವೇ ಮೊದಲ ಕಾದಂಬರಿಯು ಹೊರಬಂದಿತು. ೧೯೨೪ರ ಆಗಸ್ಟ್ ೩ರಂದು ಆತನು ಕಾಲವಾದನು.

ಈತನು ನಮ್ಮ ನೆಲಕ್ಕೆ ತೀರ ಹೊರಗಿನವನೆಂದು ಭಾವಿಸಬೇಕಾಗಿಲ್ಲ. ೧೮೮೪ರಲ್ಲಿ ಮದರಾಸಿನಲ್ಲಿ ಕಪ್ತಾನನೊಡನೆ ಮನಸ್ತಾಪವಾಗಿ ಕಾನ್ರಾಡನು ತಾನಿದ್ದ ಹಡಗನ್ನು ಬಿಟ್ಟು, ರೈಲಿನಲ್ಲಿ ಮುಂಬಯಿಗೆ ಹೋಗಿ, ಅಲ್ಲಿ 'ನಾರ್ಸಿಸಸ್' ಎಂಬ ಹಾಯಿಹಡಗಿನಲ್ಲಿ ಎರಡನೆಯ ಮೇಟ್ ಆಗಿ ಸೇರಿದನು. ಆ ಹಡಗಿನ ಪ್ರಯಾಣವೇ ೧೮೯೭ರ ಆತನ ಪ್ರಸಿದ್ಧ ಕಾದಂಬರಿಯೊಂದಕ್ಕೆ ಬೀಜವಾಯಿತು. ಮದರಾಸಿನ ರೈಲುದಾರಿಯೂ ಮುಂಬಯಿಯ ರೈಲುದಾರಿಯೂ ೧೮೭೧ರಿಂದ ರಾಯಚೂರಿನಲ್ಲಿ ಕೂಡುತ್ತಿದ್ದುವು. ಆದುದರಿಂದ ಆ ಇಪ್ಪತ್ತಾರು ವರ್ಷದ ನಾವಿಕನು ನಮ್ಮ ತುಂಗಭದ್ರೆ ಕೃಷ್ಣೆಯರ ಸೇತುವೆಗಳನ್ನು ದಾಟಿಯೇ ಹೋಗಿರಬೇಕು.

ಹಡಗಿನ ಅಪಾಯಗಳನ್ನು ಕಾನ್ರಾಡನು ಪುಸ್ತಕದಿಂದ ಕಲಿತವನಲ್ಲ. 'ಪ್ಯಾಲೆಸ್ಟೈನ್' ಎಂಬುದು ಒಂದು ಮುದಿ ಹಾಯಿಹಡಗು. ೧೮೮೧ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನಲ್ಲಿ ಕಲ್ಲಿದ್ದಲನ್ನು ತುಂಬಿಕೊಂಡು ಬ್ಯಾಂಕಾಕಿಗೆ ಹೊರಟಿತು. ಬಿರುಗಾಳಿಗೆ ಸಿಕ್ಕಿ ಸೋರಲಾರಂಭಿಸಿ, ಹಿಂದಿರುಗಿ, ಫಾಲ್ಮತ್ ಬಂದರಿನಲ್ಲಿ ತಿಂಗಳುಗಟ್ಟಲೆ ದುರಸ್ತಿಗೆ ನಿಂತಿತು. ಕೊನೆಗೆ ಹೊರಟು, ೧೮೮೩ರ ಮಾರ್ಚಿಯಲ್ಲಿ ಸುಮಾತ್ರದ ಬಳಿಗೆ ಬಂದಾಗ ಒಳಗಿನ ಕಲ್ಲಿದ್ದಲು ತಾನಾಗಿಯೇ ಹೊತ್ತಿಕೊಂಡಿತು. ಕಲ್ಲಿದ್ದಲಿನ ಪುಡಿಯು ಗಾಳಿಯೊಡನೆ ಬೆರೆತು ಒಳಗೊಳಗೇ ಕಾವೇರುವುದು ಅದರ ಸ್ವಭಾವ. ಆ ಕಾವು ಹೊರಕ್ಕೆ ಹೋಗಲು ದಾರಿಯಿಲ್ಲದಿದ್ದರೆ ಒಂದು ದಿನ ಬೆಂಕಿಯಾಗುತ್ತದೆ. ಕೆಳಗೆ ಕೂಡಿದ್ದ ಅನಿಲವು ಸಿಡಿದು ಮೇಲಟ್ಟವನ್ನೇ ಎಬ್ಬಿಸಿ ಹಾಕಿತು. ನಾವಿಕರು ದೋಣಿಗಳಲ್ಲಿ ಇಳಿದು ಬಂಕಾ ದ್ವೀಪದ ಮುಂಟೋಕ್ ಎಂಬ ರೇವನ್ನು ಮುಟ್ಟಿದರು, ಒಬ್ಬನೂ ಸಾಯಲಿಲ್ಲ. ಸಿಂಗಪುರದಲ್ಲಿ ನಡೆದ ವಿಚಾರಣೆಯು ಅಧಿಕಾರಿಗಳು ನಿರ್ದೋಷಿಗಳೆಂದು ತೀರ್ಮಾನಿಸಿತು. ಈ ಅನುಭವವೇ ೧೮೯೮ರ 'ಯೂತ್' ಎಂಬ ಕಥೆಯಾಯಿತು.

ಎರಡನೆಯ ಪಾಠವು ಇದಕ್ಕಿಂತ ಕಹಿಯಾದುದು. ಏಕೆಂದರೆ ಅಲ್ಲಿ ತಪ್ಪು ತನ್ನದೇ. ೧೮೮೭ರಲ್ಲಿ ಆಂಸ್ಟರ್ಡಾಮಿನ ಬಂದರಿನಲ್ಲಿ 'ಹೈಲೆಂಡ್ ಫಾರೆಸ್ಟ್' ಹಡಗಿನ ಮೊದಲನೆಯ ಮೇಟ್ ಆಗಿ ಸರಕು ತುಂಬಿಸುವ ಹೊಣೆಯು ಆತನ ಮೇಲೆ ಬಿದ್ದಿತು. ಕಪ್ತಾನನು ಇನ್ನೂ ಬಂದಿರಲಿಲ್ಲ. ಸರಕು ತುಂಬುವುದೆಂದರೆ ಉಗ್ರಾಣದಲ್ಲಿ ಮೂಟೆ ಒಟ್ಟಿದಂತಲ್ಲ. ಭಾರವೆಲ್ಲ ಮೇಲಾದರೆ ಹಡಗು ಒಂದು ಪಕ್ಕಕ್ಕೆ ವಾಲಿ ಮತ್ತೆ ಏಳದೆ ಹೋದೀತು; ಭಾರವೆಲ್ಲ ತಳದಲ್ಲಾದರೆ ವಾಲಿದೊಡನೆ ಸೆಟೆದು ಹಿಂದಕ್ಕೆ ಚಿಮ್ಮಿ, ಗೊಂಬೆಯ ಹಾಗೆ ತೂಗಾಡುತ್ತ ಕೂವೆಮರಗಳನ್ನೇ ಮುರಿದುಕೊಂಡೀತು. ಕಾನ್ರಾಡನು ಸಾಮಾನ್ಯ ನಿಯಮದಂತೆ ಭಾರವನ್ನು ಹಂಚಿದನು. ಆದರೆ ಆ ಹಡಗಿನ ಪ್ರಕೃತಿಯು ಬೇರೆಯಾಗಿದ್ದಿತು. ಮೇಲೆ ಇರಬೇಕಾದಷ್ಟು ಭಾರವು ಮೇಲೆ ಇರಲಿಲ್ಲ. ತಡವಾಗಿ ಬಂದ ಕಪ್ತಾನನು ಸಂಗತಿಯನ್ನು ಕೇಳಿದೊಡನೆಯೇ ಈ ಪ್ರಯಾಣದಲ್ಲಿ ನೆಮ್ಮದಿಯಿಲ್ಲವೆಂದು ತಿಳಿದುಕೊಂಡನಂತೆ. ಹಾಗೆಯೇ ಆಯಿತು. ಹಡಗಿನ ಹೊಯ್ದಾಟಕ್ಕೆ ಮೇಲಿನ ಒಂದು ಮರವು ಮುರಿದು ಬಂದು ಕಾನ್ರಾಡನ ಬೆನ್ನಿಗೇ ಬಡಿಯಿತು. ಆತನು ಸಿಂಗಪುರದ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಮಾಡಿದ್ದುಣ್ಣೋ ಮಹರಾಯ ಎಂಬ ನಮ್ಮ ಗಾದೆಯನ್ನು ಆತನು ಕೇಳಿರಲಿಲ್ಲ. ಆದರೆ ೧೯೦೬ರಲ್ಲಿ ಪ್ರಕಟವಾದ 'ದಿ ಮಿರರ್ ಆಫ್ ದಿ ಸೀ' ಎಂಬ ಸ್ಮರಣಗ್ರಂಥದಲ್ಲಿ ಈ ಸಂಗತಿಯನ್ನು ಮುಚ್ಚುಮರೆಯಿಲ್ಲದೆ, ಪೆಟ್ಟು ಬಿದ್ದುದು ನ್ಯಾಯವೇ ಎಂಬ ಧಾಟಿಯಲ್ಲಿ ಬರೆದಿದ್ದಾನೆ. ಅಪಘಾತವು ಚಂಡಮಾರುತದ ದಿನ ಹುಟ್ಟಲಿಲ್ಲ. ವಾರಗಳ ಹಿಂದೆ, ನಿಂತ ನೀರಿನಲ್ಲಿ, ಲೆಕ್ಕದ ಪುಸ್ತಕದ ಮುಂದೆ ಹುಟ್ಟಿದ್ದಿತು.

ಅದೇ ಗ್ರಂಥದಲ್ಲಿ ಮತ್ತೊಂದು ಪ್ರಸಂಗವಿದೆ. ಅಟ್ಲಾಂಟಿಕ್ ಸಾಗರದ ನಡುವೆ, ಗಾಳಿಯಿಲ್ಲದ ಒಂದು ಶಾಂತವಾದ ದಿನ, ಒಂದು ಡೇನಿಷ್ ಹಡಗು ಮುಳುಗುವ ಸ್ಥಿತಿಯಲ್ಲಿ ಕಾಣಿಸಿತಂತೆ. ಅದರ ಜನರು ವಾರಗಟ್ಟಲೆ ಹಗಲಿರುಳೂ ನೀರನ್ನು ಪಂಪು ಮಾಡಿ ಸೋತು ಹೋಗಿದ್ದರು. ದೋಣಿಗಳನ್ನು ಕಳುಹಿಸಿ ಅವರನ್ನು ಇಳಿಸಿಕೊಂಡ ಕೆಲವು ಗಳಿಗೆಗಳಲ್ಲಿಯೇ ಆ ಹಡಗು ಸದ್ದಿಲ್ಲದೆ ಅಡಗಿಹೋಯಿತು. ಸಮುದ್ರವು ಮೊದಲಿನ ಹಾಗೆಯೇ ಹೊಳೆಯುತ್ತಿದ್ದಿತು. ಸಮುದ್ರಕ್ಕೆ ನಮ್ಮ ಮೇಲೆ ಪ್ರೀತಿಯಿಲ್ಲ, ದ್ವೇಷವೂ ಇಲ್ಲ. ಅದಕ್ಕೆ ನಾವು ಲೆಕ್ಕಕ್ಕೇ ಇಲ್ಲವೆಂಬ ಅರಿವು ಆ ದಿನ ತನಗಾಯಿತೆಂದು ಆತನು ಹೇಳುತ್ತಾನೆ. ಸಮುದ್ರದಲ್ಲಿ ದಯೆಯೆಂಬುದು ಇದ್ದರೆ ಅದು ಎರಡು ದೋಣಿಗಳಲ್ಲಿ ಹುಟ್ಟುಹಾಕುತ್ತ ಬಂದ ಮನುಷ್ಯರಲ್ಲಿ ಮಾತ್ರ ಇದ್ದಿತು.

ಇಂತಹ ತಾಣದಲ್ಲಿ ಬಾಳಬೇಕಾದವರ ಜೀವನವು ಹೇಗಿರಬೇಕು? ಹಾಯಿಹಡಗಿನ ನಾವಿಕನ ದಿನವು ನಾಲ್ಕು ನಾಲ್ಕು ಗಂಟೆಗಳ ಪಾಳಿಗಳಾಗಿ ಕಡಿದುಹೋಗಿರುತ್ತಿದ್ದಿತು. ತಿಂಗಳುಗಟ್ಟಲೆ ಒಂದೇ ಎಡೆ ಪೂರ್ಣರಾತ್ರಿಯ ನಿದ್ರೆಯೆಂಬುದಿಲ್ಲ. ಹೊರಟ ಹಡಗಿನ ಸುದ್ದಿ ಮನೆಯವರಿಗೆ ಮುಟ್ಟಲು ಅದು ಮುಂದಿನ ಬಂದರನ್ನು ಮುಟ್ಟಬೇಕು. ಮುಟ್ಟುವ ಕಾಲ ಮೀರಿದರೆ ಲಂಡನ್ನಿನ ಲಾಯ್ಡ್ಸ್ ವಿಮಾಸಂಘದ ಪಟ್ಟಿಯಲ್ಲಿ 'ಗಡುವು ಮೀರಿದುದು' ಎಂದು ಬರೆಯುವರು. ಇನ್ನೂ ಕಾಲ ಕಳೆದರೆ 'ನಾಪತ್ತೆ' ಎಂದು ಬರೆಯುವರು. ಮೊದಲನೆಯ ಮಾತಿನಲ್ಲಿ ಇನ್ನೂ ಆಸೆಗೆ ಎಡೆಯುಂಟು; ಎರಡನೆಯದರಲ್ಲಿ ಇಲ್ಲ. ಈ ಎರಡು ಮಾತುಗಳ ನಡುವೆ ಎಷ್ಟು ಮನೆಗಳ ದೀಪವು ನಂದುತ್ತಿದ್ದಿತೆಂಬುದನ್ನು ಕಾನ್ರಾಡನು ಬಲ್ಲನು. ಆದುದರಿಂದಲೇ ಆತನಿಗೆ ನಾವಿಕರ ಮಾತಿನ ಖಚಿತತೆಯಲ್ಲಿ ಅಷ್ಟೊಂದು ಅಭಿಮಾನ. ಪತ್ರಿಕೆಯವರು ಲಂಗರನ್ನು 'ಎಸೆದರು' ಎಂದು ಬರೆದರೆ ಆತನಿಗೆ ಸಿಟ್ಟು. ಲಂಗರನ್ನು ಯಾರೂ ಎಸೆಯುವುದಿಲ್ಲ, ಹಿಡಿದಿದ್ದುದನ್ನು ಬಿಟ್ಟುಕೊಡುತ್ತಾರೆ. ಕತ್ತಲಲ್ಲಿ, ಗಾಳಿಯ ಅಬ್ಬರದಲ್ಲಿ, ಒಂದು ಮಾತಿಗೆ ಒಂದೇ ಅರ್ಥವಿರಬೇಕು. ಕೇಳಿದ ಕೈ ಕೂಡಲೇ ಕೆಲಸ ಮಾಡಬೇಕು. ನಾವಿಕಧರ್ಮವೆಂದರೆ ಆತನ ಪಾಲಿಗೆ ಇದೇ: ನೋಡುವವರಿಲ್ಲದ ವೇಳೆಯಲ್ಲಿಯೂ ಗಂಟನ್ನು ಸರಿಯಾಗಿ ಹಾಕುವುದು.

ಆ ಧರ್ಮವು ತಪ್ಪಿದ ಒಂದು ಉದಾಹರಣೆಯು ಆತನ ಕಾಲದ ಬಂದರುಬಂದರಿನಲ್ಲಿಯೂ ಮಾತಾಗಿದ್ದಿತು. ೧೮೮೦ರಲ್ಲಿ 'ಜೆಡ್ಡಾ' ಎಂಬ ಉಗಿಹಡಗು ಸಿಂಗಪುರದಿಂದ ಒಂಬೈನೂರಕ್ಕೂ ಹೆಚ್ಚು ಮಂದಿ ಮುಸಲ್ಮಾನ ಯಾತ್ರಿಕರನ್ನು ಹೊತ್ತು ಮಕ್ಕಾಯಾತ್ರೆಗಾಗಿ ಹೊರಟಿತು. ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ಆಫ್ರಿಕದ ಗ್ವಾರ್ಡಫೂಯಿ ಭೂಶಿರದ ಬಳಿ ಬಿರುಗಾಳಿಗೆ ಸಿಕ್ಕಿ, ಬಾಯ್ಲರುಗಳು ಕದಲಿ, ನೀರು ಒಳನುಗ್ಗಿತು. ಆಗಸ್ಟ್ ೮ರಂದು ಕಪ್ತಾನನೂ ಯೂರೋಪಿಯನ್ ಅಧಿಕಾರಿಗಳೂ ಯಾತ್ರಿಕರನ್ನು ಬಿಟ್ಟು ದೋಣಿಯಲ್ಲಿ ಇಳಿದು ಹೋದರು. ಮತ್ತೊಂದು ಹಡಗು ಅವರನ್ನು ಎತ್ತಿಕೊಂಡು ೧೦ನೆಯ ತಾರೀಖು ಏಡನ್ನಿಗೆ ತಂದಿತು. ಜೆಡ್ಡಾ ಮುಳುಗಿತೆಂದು ಅವರು ಹೇಳಿದರು. ಮರುದಿನವೇ 'ಆಂಟಿನಾರ್' ಎಂಬ ಹಡಗು ಜೆಡ್ಡಾವನ್ನು ಎಳೆದುಕೊಂಡು ಅದೇ ಏಡನ್ ಬಂದರಿಗೆ ಬಂದಿತು! ಯಾತ್ರಿಕರು ನೀರು ಎತ್ತಿ ಹಾಕುತ್ತ ಹಡಗನ್ನು ತೇಲಿಸಿಕೊಂಡಿದ್ದರು. ನ್ಯಾಯಸ್ಥಾನವು ಕಪ್ತಾನನ ಅರ್ಹತಾಪತ್ರವನ್ನು ಮೂರು ವರ್ಷ ಅಮಾನತಿನಲ್ಲಿಟ್ಟಿತು. ಇದರ ಮೇಲೆಯೇ ಕಾನ್ರಾಡನು ೧೯೦೦ರಲ್ಲಿ 'ಲಾರ್ಡ್ ಜಿಮ್' ಎಂಬ ಮಹಾಕಾದಂಬರಿಯನ್ನು ಕಟ್ಟಿದನು. ಅಲ್ಲಿ ದೋಣಿಗೆ ಹಾರಿದ ಯುವಕನು ರಾಕ್ಷಸನಲ್ಲ. ವೀರನಾಗಬೇಕೆಂದು ಕನಸು ಕಾಣುತ್ತಿದ್ದ ಸುಶೀಲನೇ. ವೀರತ್ವದ ಕನಸು ಕಾಣುವುದು ಬೇರೆ, ಹೊತ್ತು ಬಂದಾಗ ತನ್ನ ಜಾಗದಲ್ಲಿ ನಿಲ್ಲುವುದು ಬೇರೆಯೆಂಬುದನ್ನು ಆ ಗ್ರಂಥವು ಕಾಣಿಸಿಕೊಡುತ್ತದೆ.

ಇನ್ನು ೧೯೧೨ಕ್ಕೆ ಬರೋಣ. 'ಟೈಟಾನಿಕ್' ಹಡಗಿನ ಹೆಸರನ್ನು ಕೇಳದವರಿಲ್ಲ. ೪೬,೦೦೦ ಟನ್ನುಗಳಿಗೂ ಮೀರಿದ ಆ ಹಡಗು ತನ್ನ ಮೊದಲ ಯಾನದಲ್ಲಿಯೇ ಏಪ್ರಿಲ್ ೧೪ರ ರಾತ್ರಿ ೧೧ ಗಂಟೆ ೪೦ ನಿಮಿಷಕ್ಕೆ ಹಿಮದ ಗುಡ್ಡವೊಂದಕ್ಕೆ ತಗುಲಿ, ೨ ಗಂಟೆ ೪೦ ನಿಮಿಷಗಳಲ್ಲಿ ಮುಳುಗಿತು. ಹಡಗಿನಲ್ಲಿ ಸುಮಾರು ೨,೨೦೦ ಮಂದಿ. ಸತ್ತವರು ಸುಮಾರು ೧,೫೦೦. ಅದರ ಇಪ್ಪತ್ತು ದೋಣಿಗಳಲ್ಲಿ ಒಟ್ಟು ೧,೧೭೮ ಮಂದಿಗೆ ಮಾತ್ರ ಎಡೆ. ಇದು ಕಾನೂನಿಗೆ ವಿರುದ್ಧವಾಗಿದ್ದಿತೇ? ಇಲ್ಲ. ೧೦,೦೦೦ ಟನ್ನುಗಳ ಹಡಗುಗಳೇ ಅತಿ ದೊಡ್ಡವಾಗಿದ್ದ ಕಾಲದಲ್ಲಿ ಬರೆದ ನಿಯಮವು, ಅದಕ್ಕಿಂತ ದೊಡ್ಡದಾದ ಯಾವ ಹಡಗಿಗೂ ಹದಿನಾರು ದೋಣಿಗಳು ಸಾಕೆಂದು ಹೇಳುತ್ತಿದ್ದಿತು. ಹಡಗುಗಳು ನಾಲ್ಕು ಮಡಿ ಬೆಳೆದುವು, ನಿಯಮವು ಬೆಳೆಯಲಿಲ್ಲ. ಕಾನ್ರಾಡನಿಗೂ ಆ ಹಡಗಿನಲ್ಲಿ ಒಂದು ಸಣ್ಣ ನಷ್ಟವಾಯಿತು: 'ಕರೈನ್' ಎಂಬ ಆತನ ಕಥೆಯ ಹಸ್ತಪ್ರತಿಯು ನ್ಯೂಯಾರ್ಕಿನ ಸಂಗ್ರಾಹಕನೊಬ್ಬನಿಗಾಗಿ ಅದರಲ್ಲಿ ಹೋಗುತ್ತಿದ್ದು, ಹಡಗಿನೊಡನೆಯೇ ತಳವನ್ನು ಸೇರಿತು.

ಆ ವರ್ಷದ ಬೇಸಗೆಯಲ್ಲಿ ಕಾನ್ರಾಡನು 'ಇಂಗ್ಲಿಷ್ ರಿವ್ಯೂ' ಎಂಬ ಪತ್ರಿಕೆಯಲ್ಲಿ ಎರಡು ಲೇಖನಗಳನ್ನು ಬರೆದನು. ಇಪ್ಪತ್ತು ವರ್ಷ ಕಡಲನ್ನು ಕಂಡವನ ಸಿಟ್ಟು ಅವುಗಳಲ್ಲಿ ಕಾದ ಕಬ್ಬಿಣದಂತಿದೆ. ಆತನ ಮೊದಲ ಆಕ್ಷೇಪಣೆಯು ಗಾತ್ರದ ಮೇಲೆ. ದೊಡ್ಡದಾದ ಮಾತ್ರಕ್ಕೆ ಗಟ್ಟಿಯಾಗುವುದಿಲ್ಲ. ತೆಳುವಾದ ಉಕ್ಕಿನ ಹಲಗೆಗಳಿಂದ ಅಷ್ಟು ದೊಡ್ಡ ಒಡಲನ್ನು ಕಟ್ಟಿದರೆ ಅದರ ತೂಕವೇ ಅದಕ್ಕೆ ಶತ್ರು. ಅದನ್ನು ಅರಮನೆಯ ಹಾಗೆ ಸಿಂಗರಿಸಿ, ಉಣಿಸು ಬಡಿಸುವವರನ್ನು ತುಂಬಿ, ನಾವಿಕರನ್ನು ಕಡಮೆ ಮಾಡಿದರು. ಸುಮಾರು ೯೦೦ ಮಂದಿ ಸಿಬ್ಬಂದಿಯಲ್ಲಿ ಮೇಲಟ್ಟದ ನಾವಿಕರು ನೂರಕ್ಕೂ ಕಡಮೆ. ದೋಣಿಗಳನ್ನು ಇಳಿಸುವ ಕೆಲಸವು ಬಂದಾಗ ಅದರ ಫಲವು ಕಂಡಿತು: ೬೫ ಮಂದಿ ಹಿಡಿಯುವ ಮೊದಲ ದೋಣಿಯು ಮೂವತ್ತಕ್ಕೂ ಕಡಮೆ ಮಂದಿಯನ್ನು ಹೊತ್ತು ಇಳಿಯಿತು. ಎಲ್ಲರಿಗೂ ದೋಣಿ ಒದಗಿಸಲಾಗದಿದ್ದರೆ ಅಷ್ಟು ಜನರಿಗೆ ಟಿಕೆಟ್ಟನ್ನು ಮಾರಬಾರದೆಂಬುದು ಆತನ ಸರಳವಾದ ವಾದ. ಇದಕ್ಕೆ ಉತ್ತರ ಹೇಳುವುದು ಇಂದಿಗೂ ಕಷ್ಟ.

ಎರಡನೆಯ ಆಕ್ಷೇಪಣೆಯು 'ಮುಳುಗದ ಹಡಗು' ಎಂಬ ನಂಬಿಕೆಯ ಮೇಲೆ. ಒಡಲನ್ನು ಅಡ್ಡಗೋಡೆಗಳಿಂದ ಹದಿನಾರು ಕೋಣೆಗಳಾಗಿ ಮಾಡಿದ್ದರು. ಎರಡು ಕೋಣೆಗಳು ತುಂಬಿದರೂ ಹಡಗು ತೇಲುವುದೆಂದು ಲೆಕ್ಕ. ಆದರೆ ಆ ಗೋಡೆಗಳು ಮೇಲಿನವರೆಗೆ ಏರಿರಲಿಲ್ಲ. ನಮ್ಮ ಮಲೆನಾಡಿನ ಗದ್ದೆಗಳನ್ನು ನೋಡಿದವರು ಇದನ್ನು ಸುಲಭವಾಗಿ ಗ್ರಹಿಸಬಹುದು. ಮೇಲಿನ ಗದ್ದೆ ತುಂಬಿದರೆ ನೀರು ಬದುವನ್ನು ಹಾದು ಕೆಳಗಿನ ಗದ್ದೆಗೆ ಇಳಿಯುತ್ತದೆ. ಅದು ತುಂಬಿದರೆ ಮುಂದಿನದಕ್ಕೆ. ಹಡಗಿನ ಮೂತಿ ತಗ್ಗಿದ ಹಾಗೆಲ್ಲ ಒಂದು ಕೋಣೆಯ ನೀರು ಗೋಡೆಯ ತಲೆಯ ಮೇಲಿಂದ ಮತ್ತೊಂದಕ್ಕೆ ಹರಿಯಿತು. ಮೇಲೆ ತೆರೆದಿರುವ ಗೋಡೆಗೆ ನೀರು ತಡೆಯುವ ಗೋಡೆಯೆಂಬ ಹೆಸರೇ ಸಲ್ಲದೆಂದು ಕಾನ್ರಾಡನು ಹೇಳಿದನು. ಹಡಗು ಪಕ್ಕಕ್ಕೆ ತಿರುಗದೆ ಗುಡ್ಡಕ್ಕೆ ನೇರವಾಗಿ ಮುಖವನ್ನು ಗುದ್ದಿಕೊಂಡಿದ್ದರೆ ಉಳಿಯುತ್ತಿದ್ದಿತೆಂದು ವಿಚಾರಣೆಯಲ್ಲಿ ಬಂದ ಸಾಕ್ಷ್ಯವನ್ನಂತೂ ಆತನು ನಗೆಗೀಡುಮಾಡಿದನು. ಅಪಾಯವನ್ನು ತಪ್ಪಿಸಿಕೊಳ್ಳಬೇಕೆಂಬುದನ್ನೇ ನಾವಿಕನಿಗೆ ಕಲಿಸಿರುವಾಗ, ಇನ್ನು ಮೇಲೆ ಡಿಕ್ಕಿ ಹೊಡೆಯುವ ವಿದ್ಯೆಯನ್ನು ಕಲಿಸಬೇಕೇ ಎಂದು ಕೇಳಿದನು.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ಆ ದಿನಗಳಲ್ಲಿ ಪತ್ರಿಕೆಗಳು ಸತ್ತವರ ವೀರತ್ವವನ್ನು ಹಾಡಿ ಕೊಂಡಾಡುತ್ತಿದ್ದುವು. ಕೊನೆಯವರೆಗೆ ವಾದ್ಯವನ್ನು ನುಡಿಸಿದ ಸಂಗೀತಗಾರರ ಕಥೆಯು ಮನೆಮನೆಯ ಮಾತಾಗಿದ್ದಿತು. ಕಾನ್ರಾಡನು ಸತ್ತವರನ್ನು ಹೀಗಳೆಯಲಿಲ್ಲ. ಆದರೆ ಈ ಹೊಗಳಿಕೆಯ ಹೊಗೆಯಲ್ಲಿ ಹೊಣೆಗಾರರು ಮರೆಯಾಗುತ್ತಿರುವರೆಂದು ಕಂಡನು. ಆ ಸಂಗೀತಗಾರರು ಬದುಕಿ ಉಳಿದಿದ್ದರೆ ತನಗೆ ಹೆಚ್ಚು ಸಂತೋಷವಾಗುತ್ತಿದ್ದಿತೆಂದು ಬರೆದನು. ಹಣ ಕೊಟ್ಟು ಹಡಗನ್ನು ಹತ್ತಿದ ಬಡವನು ತನ್ನ ಇಚ್ಛೆಗೆ ವಿರುದ್ಧವಾಗಿ ಮುಳುಗಿದರೆ ಅದು ವೀರಮರಣವಲ್ಲ, ಅನ್ಯಾಯ. ಇದಕ್ಕೆ ಪ್ರತಿಯಾಗಿ ಆತನು ೧೮೮೨ರಲ್ಲಿ ಡಿಕ್ಕಿಗೆ ಸಿಕ್ಕಿ ಮುಳುಗಿದ 'ಡೌರೊ' ಎಂಬ ಸಣ್ಣ ಹಡಗನ್ನು ನೆನೆದನು. ಅಲ್ಲಿ ಪಳಗಿದ ನಾವಿಕರು ದೊರೆತ ಅಲ್ಪಕಾಲದಲ್ಲಿಯೇ ಪ್ರಯಾಣಿಕರನ್ನು ದೋಣಿಗಳಿಗೆ ಇಳಿಸಿದರು. ಕಪ್ತಾನನೂ ಅಧಿಕಾರಿಗಳೂ ಹಡಗಿನೊಡನೆ ಮುಳುಗಿದರು. ಅವರ ಮೇಲೆ ಯಾರೂ ಹಾಡು ಕಟ್ಟಲಿಲ್ಲ.

ಈ ಹಳೆಯ ನಾವಿಕನು ಹೇಳಿದುದೆಲ್ಲವೂ ಸರಿಯೆಂದು ನಾನು ಹೇಳಲಾರೆ. ಹಾಯಿಹಡಗಿನ ಮೇಲಿನ ಮೋಹದಿಂದ ಆತನು ಉಗಿಹಡಗಿಗೆ ಒಮ್ಮೊಮ್ಮೆ ಅನ್ಯಾಯ ಮಾಡಿದ್ದಾನೆ. ಹಾಯಿಯ ಕಾಲದಲ್ಲಿಯೂ ಹಡಗುಗಳು ನೂರಾರು ಮುಳುಗುತ್ತಿದ್ದುವು. ಅಮೆರಿಕದ ಸೆನೆಟ್ ಸಭೆಯು ನಡೆಸಿದ ವಿಚಾರಣೆಯನ್ನು ಆತನು ಅಪಹಾಸ್ಯ ಮಾಡಿದನು. ಆದರೆ ಹತ್ತಿರದಲ್ಲಿಯೇ ನಿಂತಿದ್ದ 'ಕ್ಯಾಲಿಫೋರ್ನಿಯನ್' ಹಡಗಿನ ವಿಷಯವನ್ನು ಬೆಳಕಿಗೆ ತಂದವರಲ್ಲಿ ಆ ಸಭೆಯೂ ಸೇರಿದೆ. ಕಡಲಿನ ವಿಷಯವನ್ನು ಕಡಲಿನವರೇ ಬಲ್ಲರೆಂಬ ಅಭಿಮಾನವು ಆತನಲ್ಲಿ ಹೆಚ್ಚು. ಚರಿತ್ರೆಯು ಇದಕ್ಕೆ ಒಂದು ತಿದ್ದುಪಡಿಯನ್ನು ಹೇಳುತ್ತದೆ. ಮಿತಿಮೀರಿ ಸರಕು ತುಂಬಿ, ವಿಮೆ ಮಾಡಿಸಿ, ಮುಳುಗಿದರೂ ಲಾಭವೆಂದು ಕಳುಹಿಸುತ್ತಿದ್ದ ಮುದಿ ಹಡಗುಗಳ ವಿರುದ್ಧ ಪಾರ್ಲಿಮೆಂಟಿನಲ್ಲಿ ಹೋರಾಡಿದ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬಾತನು ನಾವಿಕನಲ್ಲ, ಕಲ್ಲಿದ್ದಲಿನ ವ್ಯಾಪಾರಿ. ೧೮೭೬ರ ಕಾನೂನಿನಿಂದ ಹಡಗಿನ ಪಕ್ಕದಲ್ಲಿ ಭಾರದ ಗೆರೆ ಬರೆಯಬೇಕಾಯಿತು. ಆದರೆ ಗೆರೆಯನ್ನು ಎಲ್ಲಿ ಬರೆಯಬೇಕೆಂಬುದು ಮಾಲೀಕನ ಇಷ್ಟಕ್ಕೆ ಉಳಿದಿದ್ದಿತು. ೧೮೯೦ರಲ್ಲಿ ಅದನ್ನೂ ಕಾನೂನೇ ಗೊತ್ತುಮಾಡಿತು. ಸಂಪ್ರದಾಯವು ಮನುಷ್ಯನನ್ನು ತಿದ್ದುತ್ತದೆ. ಲೋಭವನ್ನು ತಡೆಯುವುದಕ್ಕೆ ಗೆರೆಯೇ ಬೇಕು.

ದೋಣಿಗಳಿದ್ದ ಮಾತ್ರಕ್ಕೆ ಸಾಲದೆಂಬುದನ್ನು ೧೯೧೪ರ ಮೇ ೨೯ರ ಬೆಳಗಿನ ಜಾವವು ತೋರಿಸಿತು. ಕೆನಡದ ಸೇಂಟ್ ಲಾರೆನ್ಸ್ ನದಿಯಲ್ಲಿ ಮಂಜು ಮುಸುಕಿದ್ದಾಗ 'ಎಂಪ್ರೆಸ್ ಆಫ್ ಐರ್ಲೆಂಡ್' ಹಡಗಿನ ಪಕ್ಕಕ್ಕೆ ಕಲ್ಲಿದ್ದಲಿನ ಹಡಗೊಂದು ಬಂದು ನಾಟಿತು. ಹದಿನಾಲ್ಕೇ ನಿಮಿಷಗಳಲ್ಲಿ ಅದು ಮುಳುಗಿ ೧,೦೧೨ ಮಂದಿ ಸತ್ತರು. ಟೈಟಾನಿಕ್ಕಿನ ಪಾಠವನ್ನು ಕಲಿತು ಅದರಲ್ಲಿ ಎಲ್ಲರಿಗೂ ದೋಣಿ ಇಟ್ಟಿದ್ದರು. ಇಳಿಸುವುದಕ್ಕೆ ಹೊತ್ತೇ ಇರಲಿಲ್ಲ. ಆಗ ಕಾನ್ರಾಡನು ಒಂದು ಸಲಹೆಯನ್ನು ಬರೆದನು. ಬಂದರಿನಲ್ಲಿ ಹಡಗು ಕಟ್ಟೆಗೆ ಉಜ್ಜದಂತೆ ಹಗ್ಗದ ಮೆತ್ತೆಯನ್ನು ಇಳಿಬಿಡುವುದುಂಟು. ಅಂತಹುದೇ ಒಂದು ದಪ್ಪ ಮೆತ್ತೆಯನ್ನು ಹಡಗುಗಳ ಮೂಗಿಗೆ ಶಾಶ್ವತವಾಗಿ ಕಟ್ಟಿದರೆ, ಡಿಕ್ಕಿಯಾದರೂ ಒಡಲು ಕೊಡಲಿಯೇಟಿನಂತೆ ಸೀಳಿಹೋಗದೆ ಬರಿಯ ಜಜ್ಜುಗಾಯದಿಂದ ಉಳಿದೀತೆಂಬುದು ಅದರ ತಾತ್ಪರ್ಯ. ಸಲಹೆಯು ಆಚರಣೆಗೆ ಬರಲಿಲ್ಲ. ಆದರೆ ಆ ಮನೋಧರ್ಮವನ್ನು ಗಮನಿಸಬೇಕು: ಮಹಾದುರಂತದ ಮುಂದೆ ನಿಂತು ಆತನು ಕಂಬನಿಯ ಕಾವ್ಯವನ್ನು ಬರೆಯದೆ, ಒಂದು ಹಗ್ಗದ ಮೆತ್ತೆಯ ದಪ್ಪವೆಷ್ಟಿರಬೇಕೆಂದು ಯೋಚಿಸುತ್ತಿದ್ದನು.

ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲನ್ನು ಹಾಕಿದರೆಂಬ ಗಾದೆಯು ಕಡಲಿನ ಕಾನೂನುಗಳಿಗೆ ಚೆನ್ನಾಗಿ ಒಪ್ಪುತ್ತದೆ. ೧೯೧೪ರ ಜನವರಿಯಲ್ಲಿ ಲಂಡನ್ನಿನಲ್ಲಿ ಸೇರಿದ ರಾಷ್ಟ್ರಗಳು ಪ್ರಾಣರಕ್ಷಣೆಯ ಮೊದಲ ಒಪ್ಪಂದಕ್ಕೆ ಸಹಿಹಾಕಿದುವು: ಹಡಗಿನಲ್ಲಿರುವ ಎಲ್ಲರಿಗೂ ದೋಣಿ, ಹಿಮದ ಗುಡ್ಡಗಳ ಕಾವಲು, ರೇಡಿಯೋ ಯಂತ್ರದ ಬಳಿ ಹಗಲಿರುಳು ಎಚ್ಚರ. ಯುದ್ಧದಿಂದಾಗಿ ಅದು ಆಗಲೇ ಜಾರಿಗೆ ಬರಲಿಲ್ಲ. ೧೯೨೯, ೧೯೪೮, ೧೯೬೦, ೧೯೭೪ರ ಒಪ್ಪಂದಗಳು ಅದನ್ನು ಬೆಳೆಸಿದುವು. ಬಾನುಲಿಯ ಶ್ರೋತೃಗಳಾದ ನಮಗೆ ಈ ಮೂರನೆಯ ನಿಯಮದಲ್ಲಿ ವಿಶೇಷವಾದ ಅರ್ಥವಿದೆ. ಆ ರಾತ್ರಿ ಟೈಟಾನಿಕ್ಕಿನ ಕೂಗನ್ನು ಕೇಳಿ ಸುಮಾರು ೫೮ ಮೈಲಿ ದೂರದಿಂದ ಓಡಿಬಂದು, ದೋಣಿಗಳಲ್ಲಿದ್ದ ಸುಮಾರು ೭೦೦ ಮಂದಿಯನ್ನು ಎತ್ತಿಕೊಂಡುದು 'ಕಾರ್ಪೇಥಿಯಾ'. ಅದಕ್ಕಿಂತ ಎಷ್ಟೋ ಹತ್ತಿರದಲ್ಲಿದ್ದ ಕ್ಯಾಲಿಫೋರ್ನಿಯನ್ನಿನಲ್ಲಿ ರೇಡಿಯೋ ನಡೆಸುವವನು ಒಬ್ಬನೇ. ದಿನದ ಕೆಲಸವನ್ನು ಮುಗಿಸಿ ಅವನು ಮಲಗಿದ್ದನು. ಧ್ವನಿಯು ಆಕಾಶದಲ್ಲಿ ತುಂಬಿದ್ದಿತು, ಕೇಳುವ ಕಿವಿಯಿರಲಿಲ್ಲ.

ಕಾನ್ರಾಡನು ಕಂಡ ಹಡಗುಗಳು ಇಂದಿಲ್ಲ. ಆತನು ಕಂಡ ತಪ್ಪುಗಳು ಉಳಿದಿವೆ. ಟೈಟಾನಿಕ್ಕಿಗೆ ನೂರು ವರ್ಷ ತುಂಬಿದ ೨೦೧೨ರ ಜನವರಿ ೧೩ರಂದು ಇಟಲಿಯ ತೀರದಲ್ಲಿ 'ಕೋಸ್ಟಾ ಕಾಂಕಾರ್ಡಿಯಾ' ಎಂಬ ವಿಹಾರದ ಹಡಗು ದಡಕ್ಕೆ ತೀರ ಸಮೀಪವಾಗಿ ಹೋಗಿ ಬಂಡೆಗೆ ಬಡಿಯಿತು. ೩೨ ಮಂದಿ ಸತ್ತರು. ಪ್ರಯಾಣಿಕರು ಇನ್ನೂ ಹಡಗಿನಲ್ಲಿರುವಾಗಲೇ ಕಪ್ತಾನನು ಇಳಿದು ಹೋಗಿದ್ದನು. ೨೦೧೫ರಲ್ಲಿ ಆತನಿಗೆ ಹದಿನಾರು ವರ್ಷಗಳ ಸೆರೆಯಾಯಿತು. ೨೦೧೪ರ ಏಪ್ರಿಲ್ ೧೬ರಂದು ದಕ್ಷಿಣ ಕೊರಿಯದ 'ಸೆವೊಲ್' ಹಡಗು ಮಗುಚಿತು. ೩೦೪ ಮಂದಿ ಸತ್ತರು. ಅವರಲ್ಲಿ ಬಹುಮಂದಿ ಪ್ರವಾಸಕ್ಕೆ ಹೊರಟಿದ್ದ ಶಾಲೆಯ ಮಕ್ಕಳು. ಮಿತಿಮೀರಿ ಸರಕು ತುಂಬಿದ್ದರು. ತುಂಬಿದುದನ್ನು ಬಿಗಿಯಾಗಿ ಕಟ್ಟಿರಲಿಲ್ಲ. ಇದ್ದಲ್ಲಿಯೇ ಇರಿ ಎಂದು ಮಕ್ಕಳಿಗೆ ಹೇಳಿ, ಕಪ್ತಾನನು ತಾನು ಪಾರಾದನು. ಮೊದಲನೆಯದರಲ್ಲಿ ಜೆಡ್ಡಾ ಕಾಣುತ್ತದೆ. ಎರಡನೆಯದರಲ್ಲಿ ಜೆಡ್ಡಾವೂ ಹೈಲೆಂಡ್ ಫಾರೆಸ್ಟೂ ಒಟ್ಟಿಗೆ ಕಾಣುತ್ತವೆ.

ಹಡಗನ್ನು ಎಂದೂ ಹತ್ತದವರಿಗೆ ಇದರಿಂದೇನು ಎಂದು ತಾವು ಕೇಳಬಹುದು. ನಾವೂ ದಿನದಿನವೂ ಮತ್ತೊಬ್ಬರ ಕೈಯಲ್ಲಿ ಪ್ರಾಣವನ್ನಿಟ್ಟೇ ಬಾಳುತ್ತೇವೆ. ಸೇತುವೆಯನ್ನು ಕಟ್ಟಿದವನು, ರೈಲಿನ ಕೈಮರವನ್ನು ನೋಡಿಕೊಳ್ಳುವವನು, ಔಷಧವನ್ನು ಅಳೆಯುವವನು, ಮಕ್ಕಳ ವಾಹನವನ್ನು ನಡೆಸುವವನು, ಇವರಲ್ಲಿ ಒಬ್ಬೊಬ್ಬನೂ ನಮ್ಮ ಪಾಲಿಗೆ ಕಪ್ತಾನನೇ. ನಾವು ನಮ್ಮ ನಮ್ಮ ಕೆಲಸದಲ್ಲಿ ಮತ್ತಾರಿಗೋ ಕಪ್ತಾನರು. ದುರಂತವಾದಾಗ ವಿಧಿಯೆಂದು ಕೈಮುಗಿಯುವುದು ಸುಲಭ. ಸತ್ತವರನ್ನು ವೀರರೆಂದು ಹೊಗಳುವುದು ಇನ್ನೂ ಸುಲಭ. ಸರಕು ತುಂಬಿದವರು ಯಾರು, ಗೆರೆಯನ್ನು ಬರೆದವರು ಯಾರು, ದೋಣಿಗಳನ್ನು ಎಣಿಸಿದವರು ಯಾರು ಎಂದು ಕೇಳುವುದು ಮಾತ್ರ ಕಷ್ಟ. ಕಾನ್ರಾಡನು ಆ ಪ್ರಶ್ನೆಗಳನ್ನು ಕೇಳಿದನು. ಅವುಗಳಲ್ಲಿ ಮೊದಲನೆಯದನ್ನು ತನಗೇ ಕೇಳಿಕೊಂಡಿದ್ದನು. ಆಂಸ್ಟರ್ಡಾಮಿನಲ್ಲಿ ಆ ಸರಕನ್ನು ತುಂಬಿಸಿದವನು ತಾನೇ ಎಂದು ಒಪ್ಪಿಕೊಂಡವನಾದುದರಿಂದಲೇ ಉಳಿದವರನ್ನು ಕೇಳುವ ಅಧಿಕಾರವು ಆತನಿಗೆ ಬಂದಿತೆಂದು ನಾನು ತಿಳಿದಿದ್ದೇನೆ.